ದೊಡ್ಡ ಹಿಸ್ಟರಿ, ಸಣ್ಣ ಹಿಸ್ಟರಿ

ಮೊನ್ನೆ ಬಸುರಿ ಮಗಳ ಕುಬಸದ ಕಾರ್ಯಕ್ಕೆ ಹಸಿರು ಬಳೆ ತರಲು ರಾಯಚೂರಿನ ಬಜಾರಿಗೆ ಹೋಗಿದ್ದೆ. ಅಂಗಡಿಯವರು ನನ್ನೆದುರಿಗೇ ಹೊಸ ಪೆಟ್ಟಿಗೆಯೊಂದರ ಮುಚ್ಚಳ ಎಬ್ಬಿಸಿದರು. ಬಳೆಗಳ ಸಾಲಿನ ನಡುವೆ ತುರುಕಿದ್ದ ಒಣಹುಲ್ಲಿನ ವಾಸನೆ ಮುಖಕ್ಕೆ ಬಡಿಯಿತು. ಬಿಸಿಲು, ಧೂಳು, ಹಳೆಯ ಪೇಪರು ಮೂರೂ ಕಲೆತ ವಾಸನೆ. "ಯಾವ ಸೈಜ್ ಕೊಡ್ಲಿರೀ ಅಮ್ಮಾ?" ಎಂದು ಅವರು ಮತ್ತೆ ಮತ್ತೆ ಕೇಳುತ್ತಿದ್ದರು. ಎಪ್ಪತ್ತರ ದಶಕದ ಕೊನೆಯ ಆ ವರ್ಷಕ್ಕೆ, ದೇವದುರ್ಗದ ಹಲೀಮಾ ಖಾಲಾರ ಪಡಸಾಲೆಗೆ, ನಾನು ಹೋಗಿ ಕೂತುಬಿಟ್ಟಿದ್ದೆ.

ನಮ್ಮೂರು ಮಸರಕಲ್. ಊರ ಅಂಚಿನ ಕೇರಿಯಲ್ಲಿ ನಮ್ಮ ಮನೆ. ಅಪ್ಪ ಬಾವಿ ತೋಡುವ ಕೆಲಸಕ್ಕೆ ಊರೂರು ತಿರುಗುವವನು, ವರ್ಷದ ಅರ್ಧದಷ್ಟು ದಿನ ಮನೆಯಲ್ಲಿರುತ್ತಿರಲಿಲ್ಲ. ಅವ್ವ ದುರುಗಮ್ಮ ಬೇರೆಯವರ ಹೊಲದಲ್ಲಿ ಕಳೆ ತೆಗೆಯುವುದು, ಹತ್ತಿ ಬಿಡಿಸುವುದು ಮಾಡುತ್ತಿದ್ದಳು. ಮನೆಯ ಮಾತೆಲ್ಲ ಅವಳದೇ. ನಾನು ಬಸ್ಸು ಹತ್ತಿ ದೇವದುರ್ಗದ ಹೈಸ್ಕೂಲಿಗೆ ಹೋಗುವಂತಾದದ್ದೂ ಅವಳ ಮಾತಿನಿಂದಲೇ.

ನಮ್ಮ ಶಾಲೆಯಲ್ಲಿ ಆಗ ಇತಿಹಾಸ ಎರಡು ಥರ ಇತ್ತು. ಒಂದು ಸಾಮಾನ್ಯ, ಇನ್ನೊಂದು ಉನ್ನತ. ಹುಡುಗರ ಬಾಯಲ್ಲಿ ಅದು ಸಣ್ಣ ಹಿಸ್ಟರಿ, ದೊಡ್ಡ ಹಿಸ್ಟರಿ. ಹತ್ತನೆಯ ಕ್ಲಾಸಿಗೆ ಬಂದವರು ಜೂನ್ ತಿಂಗಳಲ್ಲೇ ಯಾವುದು ಬೇಕೆಂದು ಹೇಳಬೇಕಿತ್ತು. ಇತಿಹಾಸದ ಚೆನ್ನಬಸಪ್ಪ ಸರ್ ಮಾನ್ವಿಯವರು, ಶಾಲೆಯ ಹತ್ತಿರವೇ ಒಂದು ಕೋಣೆ ಹಿಡಿದುಕೊಂಡಿದ್ದರು. ತೆಳ್ಳಗೆ, ಎತ್ತರಕ್ಕೆ ಇದ್ದರು. ಪಾಠ ಮಾಡುವಾಗ ಸೀಮೆಸುಣ್ಣದ ಕೈಯನ್ನು ತಲೆಗೆ ಒರೆಸಿಕೊಂಡು, ಗಂಟೆ ಹೊಡೆಯುವಷ್ಟರಲ್ಲಿ ಕೂದಲೆಲ್ಲ ಬೆಳ್ಳಗೆ ಮಾಡಿಕೊಂಡಿರುತ್ತಿದ್ದರು. ಅವರೇ ಎದ್ದು ನಿಂತು ವ್ಯತ್ಯಾಸ ಹೇಳಿದರು: "ಸಣ್ಣದು ತಗೊಂಡ್ರ ಏನಾತು ಅಂತ ಬರೀಬೇಕು. ದೊಡ್ಡದು ತಗೊಂಡ್ರ ಯಾಕಾತು ಅಂತ ಬರೀಬೇಕು. ಇಷ್ಟ ನೋಡ್ರಿ ಫರಕು."

ನನಗೆ ದೊಡ್ಡದೇ ಬೇಕಿತ್ತು. ಒಂಬತ್ತನೆಯ ಕ್ಲಾಸಿನಲ್ಲಿ ಒಂದು ದಿನ ಸರ್ ಹಲಗೆಯ ಮೇಲೆ ಕೃಷ್ಣಾ, ತುಂಗಭದ್ರಾ ಎಂದು ಎರಡು ಗೆರೆ ಎಳೆದು, ನಡುವಿನ ಜಾಗ ತೋರಿಸಿ, ಈ ತುಂಡು ನೆಲಕ್ಕಾಗಿ ವಿಜಯನಗರದವರೂ ಬಹಮನಿಯವರೂ ತಲೆಮಾರುಗಟ್ಟಲೆ ಕಾದಾಡಿದರು ಎಂದಿದ್ದರು. ಆಮೇಲೆ ಆ ಜಾಗದಲ್ಲಿ ಒಂದು ಚುಕ್ಕೆ ಇಟ್ಟು, "ಇದು ಮಸರಕಲ್ ನೋಡವಾ ಹುಲಿಗೆಮ್ಮ" ಎಂದರು. ಪುಸ್ತಕದೊಳಗೆ ನಮ್ಮೂರು ಇರಬಹುದೆಂದು ನಾನು ಎಂದೂ ಅಂದುಕೊಂಡಿರಲಿಲ್ಲ. ಅವತ್ತು ಬಸ್ಸಿಳಿದು ಕೇರಿಗೆ ನಡೆಯುವಾಗ ನೆಲವನ್ನು ನೋಡುತ್ತಲೇ ಹೋದೆ.

ನನ್ನ ಗೆಳತಿ ಶಮೀಮ್ ಮಾತ್ರ ಎರಡನೆಯ ಮಾತಿಲ್ಲದೆ ಸಣ್ಣದಕ್ಕೆ ಕೈಯೆತ್ತಿದಳು. "ಸತ್ತೋರ ಸುದ್ದಿ ನನಗ್ಯಾಕ ಬೇ? ನನಗ ಲೆಕ್ಕ ಇದ್ರ ಸಾಕು" ಎಂದಳು. ಅವಳಪ್ಪ ಖಾಜಾಸಾಬ್ ಸೈಕಲ್ಲಿನ ಹಿಂದೆ ಬಳೆಯ ಪೆಟ್ಟಿಗೆ ಕಟ್ಟಿಕೊಂಡು ಗಬ್ಬೂರು, ಅರಕೇರಾ ಎಂದು ಸಂತೆ ಸಂತೆ ತಿರುಗುತ್ತಿದ್ದರು. ಅವಳಮ್ಮ ಹಲೀಮಾಬೀ ಮನೆಯಲ್ಲೇ ಕೂತು ಹೆಂಗಸರಿಗೆ ಬಳೆ ಇಡುತ್ತಿದ್ದರು.

ನನ್ನ ಆಸೆಗೆ ಅಡ್ಡ ಬಂದದ್ದು ಬಸ್ಸು. ದೊಡ್ಡ ಹಿಸ್ಟರಿಯ ಕ್ಲಾಸು ವಾರದಲ್ಲಿ ಮೂರು ದಿನ, ಶಾಲೆ ಬಿಟ್ಟ ಮೇಲೆ. ಮಸರಕಲ್ಲಿನಲ್ಲಿ ನಿಲ್ಲುವ ಕೊನೆಯ ಬಸ್ಸು ಶಾಲೆ ಬಿಟ್ಟ ಕೂಡಲೇ. ಹೀಗಾಗಿ ನಮ್ಮ ಕಡೆಯ ಹಳ್ಳಿಗಳ ಮಕ್ಕಳು ಯಾರೂ ದೊಡ್ಡದರ ಹೆಸರೇ ಎತ್ತುತ್ತಿರಲಿಲ್ಲ. ಅವರ ಹಿಸ್ಟರಿಯನ್ನು ಬಸ್ಸಿನ ಡ್ರೈವರೇ ಆರಿಸುತ್ತಿದ್ದ ಎನ್ನಬೇಕು. ನಾನೂ ಸಣ್ಣದಕ್ಕೇ ಹೆಸರು ಕೊಟ್ಟು ಬಂದು, ಬೇವಿನ ಗಿಡದ ಕೆಳಗೆ ಮುಖ ಊದಿಸಿಕೊಂಡು ಕೂತೆ.

ಶಮೀಮ್ ಪಕ್ಕದಲ್ಲಿ ಕೂತು ಬೇವಿನ ಕಡ್ಡಿ ಮುರಿಯುತ್ತ ಕೇಳಿದಳು: "ಆ ಮೂರು ದಿನ ನಮ್ಮನ್ಯಾಗ ಇದ್ರ ಏನಾಗ್ತದ?"

"ನಿಮ್ಮನ್ಯಾಗ? ನಿಮ್ಮವ್ವ ಏನಂತಾರ?"

"ಅಮ್ಮೀಗಿ ನಾ ಹೇಳ್ತೀನಿ. ನಿಮ್ಮವ್ವಗ ನೀ ಹೇಳು."

ಹೇಳುವುದೇ ಕಷ್ಟವಾಯಿತು. ಅವ್ವ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, "ಮಂದಿ ಮನ್ಯಾಗ ಮಗಳನ್ನ ಮಲಗಸ್ಲ್ಯಾ? ಅವ್ರು ಎಂಥೋರೋ, ನಾವು ಎಂಥೋರೋ. ನಮ್ಮನ್ನ ಒಳಗ ಕರ್ಯೋ ಮನಿ ದುರ್ಗದಾಗ ಎಷ್ಟವ?" ಎಂದಳು. ನಾನು ಅತ್ತೆ. ಊಟ ಬಿಟ್ಟೆ. ಕೊನೆಗೆ ಅವಳು, "ಸಂತಿ ದಿನ ಬರ್ತೀನಿ. ಮನಿ ನೋಡಿ ಹೇಳ್ತೀನಿ" ಎಂದಳು.

ಸಂತೆಯ ದಿನ ಅವ್ವನನ್ನು ಕರೆದುಕೊಂಡು ಶಮೀಮಳ ಓಣಿಗೆ ಹೋದೆ. ಹಳೆಯ ಕೋಟೆಯ ಬಾಗಿಲಿನ ಹಿಂದೆ, ಮಣ್ಣಿನ ಮಾಳಿಗೆಯ ಸಣ್ಣ ಮನೆ. ಅವ್ವ ಒಳಗೆ ಬರಲಿಲ್ಲ. ಎಷ್ಟು ಕರೆದರೂ ಹೊರಗಿನ ಕಟ್ಟೆಯ ತುದಿಗೇ ಕೂತಳು, ಯಾರಾದರೂ ಎಬ್ಬಿಸಿದರೆ ತಕ್ಷಣ ಏಳಬಹುದು ಎನ್ನುವ ಹಾಗೆ. ಹಲೀಮಾಬೀ ಬಾಗಿಲಲ್ಲಿ ನಿಂತು ಒಂದು ಗಳಿಗೆ ನೋಡಿದರು. ಒಳಗೆ ಹೋಗಿ ಬಳೆಯ ಒಂದು ಕಟ್ಟು ತಂದರು. ತಾವೂ ಕಟ್ಟೆಯ ಮೇಲೆ ಕೂತರು. ಏನೂ ಕೇಳದೆ ಅವ್ವನ ಕೈ ತಮ್ಮ ತೊಡೆಯ ಮೇಲಿಟ್ಟುಕೊಂಡು ಗೆಣ್ಣುಗಳನ್ನು ಮೆಲ್ಲಗೆ ಹಿಚುಕತೊಡಗಿದರು.

ಅವ್ವ ಕೈ ಎಳೆದುಕೊಳ್ಳಲು ನೋಡಿದಳು. "ಬ್ಯಾಡ್ರಿ ಯವ್ವಾ, ಕೈ ಹೊಲಸದಾವ."

"ಹೊಲದಾಗ ದುಡ್ಯೋ ಕೈ ಅವು. ಸುಮ್ಮಕ ಕುಂದ್ರು. ಈ ಊರಾಗ ನಾ ಹಿಡೀದ ಕೈಯೇ ಇಲ್ಲ, ಗೌಡತಿ ಕೈನೂ ಹಿಡದೀನಿ, ಕಸ ಹೊಡ್ಯಾಕಿ ಕೈನೂ ಹಿಡದೀನಿ. ಬಳಿಗಿ ಏನ್ ಗೊತ್ತಾಗ್ತದ?" ಎನ್ನುತ್ತಲೇ ಒಂದೊಂದೇ ಹಸಿರು ಬಳೆ ಏರಿಸಿದರು. "ಹುಡುಗಿ ನಮ್ಮ ಶಮೀಮಾನ ಜೋಡಿ ಮಕ್ಕೋತಾಳ. ನಮ್ಮನ್ಯಾಗ ಗಂಡಮಕ್ಕಳಿಲ್ಲ, ಅವರಪ್ಪ ಒಬ್ಬ, ಅವನೂ ಬಾಯಿಲ್ಲದ ಮನಷ್ಯಾ. ಉಣ್ಣಾಕ ನಿಮ್ದು ಏನ್ ನಡೀತದ, ಏನ್ ನಡ್ಯಲ್ಲ, ಅಷ್ಟು ಹೇಳು."

ಅವ್ವ ತನ್ನ ಕೈಯನ್ನೇ ನೋಡುತ್ತಿದ್ದಳು. ಬಳೆ ಒಂದೂ ಒಡೆದಿರಲಿಲ್ಲ. "ಎಲ್ಲಾ ನಡೀತದ್ರೀ" ಎಂದಳು. ಆಮೇಲೆ ನೀರು ಕೇಳಿದಳು. ಹಲೀಮಾಬೀ ಎದ್ದು ಒಳಗೆ ಹೋದವರು ಅಲ್ಲಿಂದಲೇ ಕೂಗಿ, "ಕೊಡಪಾನ ಇಲ್ಲೇ ಅದ ಬಾ, ನೀನ ತುಂಬ್ಕೊಂಡು ಕುಡಿ" ಎಂದರು. ಅವ್ವ ಹೊಸ್ತಿಲು ದಾಟಿದಳು. ಮರುದಿನ ನಾನು ಹೋಗಿ ದೊಡ್ಡ ಹಿಸ್ಟರಿಗೆ ಹೆಸರು ಬದಲಿಸಿದೆ.

ಹೀಗೆ ಆ ವರ್ಷ ನನಗೆ ಎರಡು ಮನೆ. ಮೃಗಶಿರಾ ಮಳೆ ಬರೀ ಮೋಡ ತೋರಿಸಿ ಹೋಯಿತು. ಆಗಸ್ಟಿನ ಕೊನೆಗೆ ಹುಬ್ಬಿ ಮಳೆ ಬಂದಾಗ ಮಾಳಿಗೆ ಸೋರಿ, ಬಳೆ ಪೆಟ್ಟಿಗೆಗಳನ್ನು ಆ ಮೂಲೆಯಿಂದ ಈ ಮೂಲೆಗೆ ಎಳೆಯುವುದೇ ನಮ್ಮ ಕೆಲಸವಾಯಿತು. ಎರೆಮಣ್ಣು ಅಂಟಿ ಚಪ್ಪಲಿ ಎಷ್ಟು ಭಾರವಾಗುತ್ತಿತ್ತೆಂದರೆ ಶಮೀಮ್ ಅದನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲೇ ಬರುತ್ತಿದ್ದಳು. ಹಲೀಮಾಬೀಯವರನ್ನು ಖಾಲಾ ಎಂದು ಕರೆಯಲು ಶಮೀಮಳ ಚಿಕ್ಕಮ್ಮನ ಮಕ್ಕಳಿಂದ ಕಲಿತೆ, ಅವರು ಕರೆಯುತ್ತಿದ್ದ ಹಾಗೆಯೇ ಕರೆದೆ. ಖಾಲಾ ಹುಣಸೆಹುಳಿಯ ಖಟ್ಟಾ ಬೇಳೆ ಮಾಡಿದರೆ ನಾನು ಅವ್ವ ಕಟ್ಟಿಕೊಟ್ಟ ಒಣ ಕಟಿರೊಟ್ಟಿ ಮುರಿದು ಅದರಲ್ಲಿ ನೆನೆಸುತ್ತಿದ್ದೆ. ಅದು ಆ ಮನೆಯ ಮೂವರಿಗೂ ರುಚಿ ಹತ್ತಿ, ಕಡೆಗೆ ಅವ್ವ ನಾಲ್ಕು ಜನಕ್ಕಾಗುವಷ್ಟು ರೊಟ್ಟಿ ಕಳಿಸತೊಡಗಿದಳು. ಖಾಜಾಸಾಬರು ಮಾತಾಡುತ್ತಿರಲಿಲ್ಲ. ಸಂತೆಯಿಂದ ಬಂದವರು ಸೈಕಲ್ ಒರಗಿಸಿ, ನನ್ನನ್ನು ನೋಡಿ, "ಆ ಗಯೀ?", ಬಂದೆಯಾ, ಎನ್ನುತ್ತಿದ್ದರು. ವರ್ಷವಿಡೀ ಅವರು ನನ್ನೊಡನೆ ಆಡಿದ್ದು ಆ ಎರಡು ಮಾತು.

ಸಂಜೆ ಕ್ಲಾಸು ಮುಗಿಸಿ ಬಂದ ಮೇಲೆ ನಾವು ಪಡಸಾಲೆಯಲ್ಲಿ ಕೂತು ಹುಲ್ಲಿನಿಂದ ಬಳೆ ತೆಗೆದು, ಒಡೆದವನ್ನು ಬೇರೆ ಮಾಡಿ, ದಾರಕ್ಕೆ ಕಟ್ಟುತ್ತಿದ್ದೆವು. ಖಾಲಾ ಕೇಳುತ್ತಿದ್ದರು: "ಇವತ್ತ ಯಾವ ರಾಜಾನ ಕೊಂದೀರಿ?" ನಾನು ಕತೆ ಶುರು ಮಾಡುತ್ತಿದ್ದೆ. ಎರಡು ಮಾತು ಆಗುವುದರೊಳಗೆ ಅವರು "ಕೈಕು?" ಎನ್ನುತ್ತಿದ್ದರು. ಯಾಕೆ ಎನ್ನುವುದಕ್ಕೆ ಅವರ ಮನೆಮಾತಿನಲ್ಲಿ ಕೈಕು.

"ತುಘಲಕ್ ಸುಲ್ತಾನ ರಾಜಧಾನೀನ ದಿಲ್ಲಿಯಿಂದ ದೌಲತಾಬಾದಕ್ಕ ತಂದ."

"ಕೈಕು?"

"ಅದು ರಾಜ್ಯದ ನಡುವಿತ್ತು."

"ನಡುವಿದ್ರ ಏನು? ನೀರಿತ್ತೇನು ಅಲ್ಲಿ? ಅಷ್ಟು ಮಂದಿ ಹೆಣ್ಮಕ್ಕಳು ಒಲಿ, ಗಡಿಗಿ ಹೊತ್ಕೊಂಡು ಹೋದ್ರೇನು? ಯಾರೂ ಬೈಲಿಲ್ಲ ಅವಗ?"

ಶಮೀಮ್ ನಕ್ಕು ನಕ್ಕು ಬಳೆ ಒಡೆಯುತ್ತಿದ್ದಳು. ನಾನು "ಅದೆಲ್ಲ ಪುಸ್ತಕದಾಗಿಲ್ಲ ಖಾಲಾ" ಎಂದು ಸಿಟ್ಟಾಗುತ್ತಿದ್ದೆ.

ನವರಾತ್ರಿಗೆ ಮುಂಚೆ ಅರ್ಧ ವರ್ಷದ ಪರೀಕ್ಷೆ ಬಂತು. ಶಮೀಮ್ ಸಣ್ಣ ಹಿಸ್ಟರಿಯಲ್ಲಿ ಕ್ಲಾಸಿಗೇ ಮೇಲೆ ಬಂದಳು. ನಾನು ದೊಡ್ಡದರಲ್ಲಿ ಫೇಲಾದೆ. ಪಾಠಗಳೆಲ್ಲ ನನಗೆ ಬಾಯಿಪಾಠ. ಒಂದು ಅಕ್ಷರ ಬಿಡದೆ ಬರೆದಿದ್ದೆ. ಸರ್ ಉತ್ತರ ಪತ್ರಿಕೆ ಕೊಡುವಾಗ ಬಹಳ ಬೇಸರದಿಂದ, "ಹುಲಿಗೆಮ್ಮ, ಇದರಾಗ ಪುಸ್ತಕ ಅದ, ನಾ ಹೇಳಿದ ಪಾಠ ಅದ. ನೀ ಎಲ್ಲಿದ್ದೀ?" ಎಂದರು.

ಹೆಡ್ಮಾಸ್ಟರು ಕರೆಸಿದರು. ಕೆಟ್ಟವರಲ್ಲ ಅವರು, ಶಾಲೆಯ ರಿಸಲ್ಟಿನ ಚಿಂತೆ ಅವರಿಗೆ. "ಇನ್ನೂ ಟೈಮದ. ದೀಪಾವಳಿ ಸೂಟಿ ಮುಗಿಸ್ಕೊಂಡು ಬಂದು ಸಣ್ಣದಕ್ಕ ಹೆಸರು ಕೊಡು. ಆರಾಮ ಪಾಸ್ ಆಗ್ತಿ. ಇಲ್ಲಾಂದ್ರ ಒಂದು ವಿಷಯದ ಸಲುವಾಗಿ ಪೂರಾ ವರ್ಷ ಹೋಗ್ತದ ನೋಡು" ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಪೂರಾ ವರ್ಷ ಹೋದರೆ ಅವ್ವ ಮತ್ತೊಂದು ವರ್ಷ ಕಳಿಸುತ್ತಾಳೆಂಬ ನೆಚ್ಚಿಕೆ ನನಗಿರಲಿಲ್ಲ. ಅವಳ ಜೊತೆ ಹೊಲಕ್ಕೆ ಹೋಗುವುದೇ ಆಗುತ್ತಿತ್ತು.

ಅವತ್ತು ಸಂಜೆ ಪಡಸಾಲೆಯಲ್ಲಿ ನನ್ನ ಕೈ ಓಡಲಿಲ್ಲ. ಖಾಲಾ ಕೇಳಿದರು. ಶಮೀಮಳೇ ಎಲ್ಲ ಹೇಳಿದಳು. ನಾನು ಅಳುತ್ತ, "ನಾ ಸಣ್ಣದಕ್ಕ ಹೋಗಲ್ಲ" ಎಂದೆ.

"ಕೈಕು?" ಎಂದರು ಖಾಲಾ.

ಉತ್ತರ ಬಾಯಿಗೆ ಬಂದದ್ದು ನನಗೇ ಆಶ್ಚರ್ಯ. "ಸಣ್ಣದು ತಗೊಂಡ್ರ ಬಸ್ಸಿಗಿ ಹೋಗಬೇಕಾಗ್ತದ. ಇಲ್ಲಿ ಇರಾಕ ಬರಲ್ಲ."

ಖಾಲಾ ಬಳೆಯ ಕಟ್ಟು ಕೆಳಗಿಟ್ಟರು. "ಅರೇ ಪಾಗಲ್! ಹಿಸ್ಟರಿ ಬಿಟ್ರ ಮನಿ ಬಿಡಬೇಕಂತ ಯಾರು ಹೇಳಿದ್ರು ನಿನಗ? ಈ ಮನಿ ಏನ್ ಶಾಲಿಯೋರದೇನು? ಸಣ್ಣದ ಓದು, ದೊಡ್ಡದ ಓದು, ಏನೂ ಓದಬ್ಯಾಡ, ನಿನ್ನ ಚಾಪಿ ಇಲ್ಲೇ ಇರ್ತದ. ಮನಿ ಮಾತು ಮನಿ ಮಾತು. ಹಿಸ್ಟರಿ ಮಾತು ನೀ ಬ್ಯಾರೆ ಕುಂತು ವಿಚಾರ ಮಾಡು."

ಅಲ್ಲಿಯವರೆಗೆ ಅವೆರಡನ್ನೂ ನಾನು ಬೇರೆ ಮಾಡಿ ನೋಡಿಯೇ ಇರಲಿಲ್ಲ. ಈಗ ಬೇರೆಯಾದ ಮೇಲೆ, ಹಿಸ್ಟರಿ ಬೇಕೋ ಬೇಡವೋ ಎನ್ನುವುದು ಬರಿದಾಗಿ ಎದುರು ನಿಂತಿತು. ಒಳಗೊಳಗೆ, ಸಣ್ಣದೇ ಸಾಕು ಎನಿಸತೊಡಗಿತ್ತು.

ದೀಪಾವಳಿ ಸೂಟಿಯಲ್ಲಿ ಅವ್ವನ ಜೊತೆ ಹತ್ತಿ ಬಿಡಿಸಲು ಹೋದೆ. ಆ ವರ್ಷ ಮುಂಗಾರು ಹುಸಿಹೋಗಿ ಹಿಂಗಾರು ಹಿಡಿದಿತ್ತು. ಗಿಡ ಮೊಣಕಾಲಿಗಿಂತ ಸ್ವಲ್ಪ ಮೇಲೆ, ಕಾಯಿ ಅಲ್ಲೊಂದು ಇಲ್ಲೊಂದು. ಬೆಳಗಿನ ಬಿಸಿಲು ಇನ್ನೂ ಎಳೆಯದು. ಹತ್ತಿ ಕಿತ್ತು ಮಡಿಲಿಗೆ ಹಾಕುತ್ತ, ಫೇಲಾದ ಪರೀಕ್ಷೆಯ ಪ್ರಶ್ನೆಯೊಂದು ನೆನಪಾಯಿತು. ಎರಡು ನದಿಗಳ ನಡುವಿನ ಈ ನೆಲಕ್ಕೆ ರಾಜರು ಯಾಕೆ ಹೋರಾಡಿದರು? 'ಈ ಪ್ರದೇಶವು ಅತ್ಯಂತ ಫಲವತ್ತಾಗಿತ್ತು' ಎಂದು ನಾನು ಪುಸ್ತಕದ್ದನ್ನೇ ಬರೆದಿದ್ದೆ. ಬರೆಯುವಾಗ, ಆ ಪ್ರದೇಶವೆಂದರೆ ನನ್ನ ಕಾಲ ಕೆಳಗಿನದೇ ಎಂದು ನನಗೆ ಹೊಳೆದಿರಲೇ ಇಲ್ಲ.

"ಯವ್ವಾ, ನಮ್ಮ ಭೂಮಿ ಫಲವತ್ತಾದದ್ದೇನು?"

ಅವ್ವ ಸೊಂಟ ನೆಟ್ಟಗೆ ಮಾಡಿ ನಕ್ಕಳು. "ಯಾವ ವರ್ಷದ್ದು ಕೇಳ್ತೀ? ಮಳಿ ಬಂದ್ರ ಬಂಗಾರ, ಬರದಿದ್ರ ಕಬ್ಬಣ."

"ಮತ್ತ ಇದರ ಸಲುವಾಗಿ ಅಷ್ಟು ಮಂದಿ ರಾಜರು ಯಾಕ ಬಡದಾಡಿದ್ರು?"

"ಅವ್ರಿಗೇನು, ಬಂಗಾರದ ವರ್ಷ ಕಿವಿಗಿ ಬಿದ್ದಿರ್ತದ" ಎಂದು ಅವಳು ಮುಂದಿನ ಸಾಲಿಗೆ ಹೋದಳು.

ನಾನು ಅಲ್ಲೇ ನಿಂತೆ. ನದಿ ಇರುವುದು ಎಷ್ಟೋ ದೂರ, ನಮ್ಮ ಹೊಲಕ್ಕೆ ಅದರ ಹನಿ ನೀರಿಲ್ಲ. ಹಾಗಾದರೆ ರಾಜರಿಗೆ ಬೇಕಾದದ್ದು ಬೆಳೆಯೋ, ನದಿ ದಾಟುವ ದಾರಿಯೋ, ರಾಯಚೂರು, ಮುದಗಲ್ಲಿನ ಕೋಟೆಗಳೋ? ಅವನಿಗೆ ಸಿಗಬಾರದೆಂದು ಇವನು, ಇವನಿಗೆ ಸಿಗಬಾರದೆಂದು ಅವನು ಹಟಕ್ಕೆ ಬಿದ್ದರೋ? ಹೊಲದ ಬದುವಿಗೆ ಜಗಳಾಡುವ ನಮ್ಮೂರ ಅಣ್ಣತಮ್ಮಂದಿರು ಕಣ್ಣ ಮುಂದೆ ಬಂದರು. ಬದುವಿನ ಮೇಲೆ ಏನು ಬೆಳೆಯುತ್ತದೆ? ಆದರೂ ಕೋರ್ಟಿಗೆ ಹೋಗುತ್ತಾರಲ್ಲ! ಆ ಸಾಲು ಮುಗಿಯುವ ತನಕ ನನ್ನಷ್ಟಕ್ಕೆ ನಾನೇ 'ಕೈಕು, ಕೈಕು' ಎನ್ನುತ್ತ ಹತ್ತಿ ಕೀಳುತ್ತಿದ್ದೆ. ಅವ್ವ ತಿರುಗಿ, "ಏನ್ ಬಡಬಡಸಾಕತ್ತೀ?" ಎಂದಳು. ನಾನು ಸಣ್ಣದಕ್ಕೆ ಹೋಗುವುದಿಲ್ಲ ಎಂಬುದು ಆಗಲೇ ನಿಕ್ಕಿಯಾಗಿತ್ತು. ಫೇಲಾದರೂ ಸರಿ, ಹೀಗೆ ತಲೆ ಓಡಿಸುವುದರ ರುಚಿ ಹತ್ತಿಬಿಟ್ಟಿತ್ತು.

ಸೂಟಿ ಮುಗಿದ ಮೇಲೆ ಅದೇ ಪ್ರಶ್ನೆಗೆ ಹೊಸದಾಗಿ ಉತ್ತರ ಬರೆದು ಸರ್ ಕೈಗೆ ಕೊಟ್ಟೆ. ಅವರು ಅಲ್ಲೇ ನಿಂತು ಓದಿದರು. ಸೀಮೆಸುಣ್ಣದ ಕೈ ತಲೆಗೆ ಹೋಯಿತು. "ಬದುವಿನ ಜಗಳ ಅಂದೀ? ಇದು ತಪ್ಪಿರಬಹುದು" ಎಂದರು. ನನ್ನ ಮುಖ ಸಪ್ಪಗಾಯಿತು. "ತಪ್ಪಿರಬಹುದು, ಆದ್ರ ಇದು ನಿಂದು. ಇನ್ನ ಹಿಂಗ ಬರಿ. ತಪ್ಪು ಸರಿ ಮಾಡಾಕ ನಾ ಅದೀನಿ." ಹೆಡ್ಮಾಸ್ಟರ ಹತ್ತಿರವೂ ಅವರೇ ಹೋಗಿ, "ಈಕಿ ಪಾಸಾಗೂದು ನನಗ ಬಿಡ್ರಿ" ಎಂದು ಬಂದರು.

ಆಮೇಲಿನ ತಿಂಗಳುಗಳು ಓಡಿದವು. ಚಳಿ ಬಿದ್ದು ಹೊಲಗಳಲ್ಲಿ ಬಿಳಿಜೋಳ ಹಾಲುಗಾಳಾದಾಗ ಅವ್ವ ಎಳೆಯ ತೆನೆ ಸುಟ್ಟು, ಸೀತನಿ ಮಾಡಿ, ಬಟ್ಟೆಯಲ್ಲಿ ಕಟ್ಟಿ ತಂದಳು. ಖಾಲಾ, ಅವ್ವ ಇಬ್ಬರೂ ಅಡುಗೆಮನೆಯಲ್ಲಿ ಕಾಲು ಚಾಚಿ ಕೂತು ಅದನ್ನು ಮುಕ್ಕುತ್ತ ಗಂಡಂದಿರನ್ನು ಬೈದುಕೊಂಡರು. ನಾನು ಬರೆದದ್ದನ್ನು ಖಾಲಾಗೆ ಓದಿ ಹೇಳುತ್ತಿದ್ದೆ. ಅವರು ಕೈಕು ಎಂದಲ್ಲಿ ನಿಂತು ಮತ್ತೆ ಬರೆಯುತ್ತಿದ್ದೆ. ಈಗ ಸಿಟ್ಟು ಬರುತ್ತಿರಲಿಲ್ಲ.

ಬೇಸಿಗೆಯಲ್ಲಿ ರಿಸಲ್ಟ್ ಬಂತು. ನಾನು ಪಾಸಾಗಿದ್ದೆ. ದೊಡ್ಡ ಹಿಸ್ಟರಿಯಲ್ಲೂ ಪಾಸಾಗಿದ್ದೆ, ಏನೂ ಹೆಚ್ಚಲ್ಲ, ಪರವಾಗಿಲ್ಲ ಎನ್ನುವಷ್ಟು. ಶಮೀಮಳಿಗೆ ಸಣ್ಣದರಲ್ಲಿ ನನಗಿಂತ ಎಷ್ಟೋ ಹೆಚ್ಚು ಬಂದಿತ್ತು. ಅವಳು ಓಣಿಯಲ್ಲೆಲ್ಲ, "ಹಿಸ್ಟರಿ ಪಂಡಿತಳನ್ನ ಹಿಂದ ಹಾಕೀನಿ" ಎಂದು ಹೇಳಿಕೊಂಡು ತಿರುಗಿದಳು. ಸರ್ ಮಾತ್ರ ನನ್ನ ಅಂಕ ನೋಡಿ ಖುಷಿಯಿಂದ ಬಹಳ ಹೊತ್ತು ನಕ್ಕರು. ರಾಯಚೂರಿನ ಕಾಲೇಜಿಗೆ ಹೋಗೆಂದರು, ಅಲ್ಲಿ ಹುಡುಗಿಯರ ಹಾಸ್ಟೆಲ್ಲಿನಲ್ಲಿ ಸೀಟು ಸಿಗುತ್ತದೆ ಎಂದರು.

ಅವ್ವ ಒಪ್ಪಲಿಲ್ಲ. "ಹತ್ತು ಆತಲ್ಲ, ಸಾಕು. ರಾಯಚೂರಾಗ ಹಲೀಮಾಬೀ ಇಲ್ಲ" ಎಂದಳು. ಈ ಮಾತು ಖಾಲಾಗೆ ಮುಟ್ಟಿ, ಅವರು ಬುರ್ಖಾ ಏರಿಸಿಕೊಂಡು ಮಸರಕಲ್ಲಿಗೇ ಬಂದರು. "ನಡಿ ದುರುಗವ್ವಾ, ಹಾಸ್ಟೆಲ್ ನೋಡ್ಕೊಂಡು ಬರಮು. ನನ್ನ ಮನಿ ನೋಡಿದಿಲ್ಲೋ ನೀನು, ಹಂಗ."

ಮೂವರೂ ರಾಯಚೂರಿಗೆ ಹೋದೆವು. ಹಾಸ್ಟೆಲ್ ನೋಡಿದೆವು. ಅವ್ವ ಅಡುಗೆಮನೆ ನೋಡಿದಳು, ಬಾಗಿಲ ಅಗಳಿ ಎಳೆದು ನೋಡಿದಳು. ವಾಪಸ್ ಬಸ್ಸಿಗೆ ಇನ್ನೂ ಹೊತ್ತಿತ್ತು. ಸರ್ ಹೇಳಿದ್ದು ನೆನಪಾಗಿ, ಇಬ್ಬರನ್ನೂ ಕೋಟೆಯ ಗೋಡೆಯಲ್ಲಿರುವ ಆ ಉದ್ದನೆಯ ಕಲ್ಲಿನ ಹತ್ತಿರ ಕರೆದುಕೊಂಡು ಹೋದೆ. ಒಂದೇ ಕಲ್ಲು, ಸಾಲು ಮನೆಗಳಷ್ಟು ಉದ್ದ. ಮೈತುಂಬ ಹಳೆಯ ತೆಲುಗು ಅಕ್ಷರ. ಪಕ್ಕದಲ್ಲಿ, ಆ ಕಲ್ಲನ್ನು ಬಂಡಿಯ ಮೇಲೆ ಹೇರಿ ಕೋಣಗಳಿಂದ ಎಳೆಸಿದ ಚಿತ್ರ ಕೊರೆದಿದ್ದಾರೆ. ನಾನು ಬೆರಳಿಟ್ಟು ತೋರಿಸಿ, ನನಗೆ ತಿಳಿದಷ್ಟು ಹೇಳಿದೆ.

ಖಾಲಾ ಮುಖಪರದೆ ಮೇಲೆತ್ತಿ ನೋಡಿದರು. "ಇಷ್ಟು ದೊಡ್ಡದು ಕೈಕು? ಸಣ್ಣ ಸಣ್ಣ ಕಲ್ಲಿಟ್ಟು ಕಟ್ಟಿದ್ರ ಗೋಡಿ ಬೀಳ್ತಿತ್ತೇನು?"

ಅವ್ವ ಕೋಣಗಳ ಸಾಲನ್ನೇ ನೋಡುತ್ತಿದ್ದಳು. "ಅದಿರ್ಲಿ. ಇಷ್ಟು ಕೋಣ ಒಂದ ಬಂಡಿಗಿ ಹೂಡಿದ್ರ ದಾರಿ ತಿರುವಿನ್ಯಾಗ ಹ್ಯಾಂಗ ಹೊಳ್ಳಿಸಿದ್ರು? ಮುಂದಿನ ಕೋಣ ತಿರುಗಿದ್ರ ಹಿಂದಿನ್ವು ಬಂಡಿ ಕೆಡವ್ತಾವ."

"ತಿರುವೇ ಇರಲಿಲ್ಲೇನೋ. ನೆಟ್ಟಗ ಬಂದಿರ್ತಾವ."

"ನೆಟ್ಟಗ ಎಲ್ಲಿಂದ ಬರ್ತಾವ ಹಲೀಮಾಬೀ, ಗುಡ್ಡ ಅಡ್ಡ ಇಲ್ಲೇನು?"

ಇಬ್ಬರೂ ಕಲ್ಲಿನ ಮುಂದೆ ವಾದಕ್ಕೆ ನಿಂತರು. ದಾರಿಯ ಮಂದಿ ನಿಂತು ನೋಡತೊಡಗಿದರು. ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿದರು.

"ಹ್ಯಾಂಗ ಹೊಳ್ಳಿಸಿದ್ರು ಹೇಳು" ಎಂದಳು ಅವ್ವ.

"ನನಗ ಗೊತ್ತಿಲ್ಲವ್ವಾ."

"ದೊಡ್ಡದು ಓದೀಯಲ್ಲ?"

"ಓದೀನಿ. ಇದು ಗೊತ್ತಿಲ್ಲ."

ಅವ್ವ ಕಲ್ಲಿನ ಮೇಲೆ ಕೈಯಿಟ್ಟು, ಕೊನೆಯ ಕೋಣದಿಂದ ಮೊದಲ ಕೋಣದ ತನಕ ಮೆಲ್ಲಗೆ ಸವರಿಕೊಂಡು ಹೋದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: "ಹಂಗಾರ ಹೋಗು ಕಾಲೇಜಿಗಿ. ಕೇಳ್ಕೊಂಡು ಬಂದು ನಮಗ ಹೇಳು."